ಪ್ರಯೋಗಶಾಲೆಗೆ ವೃಷಭಾವತಿಯ ನೀರು ಬರಲಿ

ಪದವಿ ಕಾಲೇಜುಗಳ ರಸಾಯನಶಾಸ್ತ್ರ ಪ್ರಯೋಗಶಾಲೆಗಳಲ್ಲಿ ದಶಕಗಳಿಂದ ನಡೆದುಬಂದ ಪದ್ಧತಿಯೊಂದಿದೆ. ಅಧ್ಯಾಪಕರು ಕೊಟ್ಟ ಪುಡಿಯಲ್ಲಿ ಯಾವ ಲವಣವಿದೆ ಎಂಬುದನ್ನು ವಿದ್ಯಾರ್ಥಿ ಪತ್ತೆಹಚ್ಚಬೇಕು. ಉತ್ತರ ಅಧ್ಯಾಪಕರಿಗೆ ಮೊದಲೇ ಗೊತ್ತು. ಹಿರಿಯ ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕದ ಕೃಪೆಯಿಂದ ಎಷ್ಟೋ ಸಲ ವಿದ್ಯಾರ್ಥಿಗೂ ಗೊತ್ತು. ಅಂಕ ಸಿಗುತ್ತದೆ, ಗೊತ್ತಿಲ್ಲದ್ದನ್ನು ಅಳೆಯುವ ಶಿಸ್ತು ಮಾತ್ರ ಸಿದ್ಧಿಸುವುದಿಲ್ಲ.

ಇತ್ತ, ಬೆಂಗಳೂರಿನ ಕೊಳಚೆಯನ್ನೂ ಪೀಣ್ಯದ ಕೈಗಾರಿಕಾ ತ್ಯಾಜ್ಯವನ್ನೂ ಹೊತ್ತ ವೃಷಭಾವತಿ ಬೈರಮಂಗಲದತ್ತ ಹರಿಯುತ್ತಿದೆ. ಆ ನೀರನ್ನೇ ನಂಬಿ ಬೇಸಾಯ ಮಾಡುವ ರೈತರಿದ್ದಾರೆ. ನೊರೆ, ದುರ್ವಾಸನೆಗಳು ಎಲ್ಲರ ಅರಿವಿಗೂ ಬರುತ್ತವೆ. ಆದರೆ ಅತ್ಯಲ್ಪ ಪ್ರಮಾಣದಲ್ಲಿ ಕರಗಿರುವ ಸೀಸ, ಕ್ಯಾಡ್ಮಿಯಂಗಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ; ಅಂದರೆ ತೂಕದಲ್ಲಿ ಹತ್ತು ಕೋಟಿಗೆ ಒಂದು ಪಾಲು. ಇದನ್ನು ಕಣ್ಣು ಕಾಣದು, ಅಳೆದೇ ತಿಳಿಯಬೇಕು.

ಉಪಕರಣಗಳು ದುಬಾರಿ ಎಂಬ ಆಕ್ಷೇಪ ಸಹಜ. ಸೀಸವನ್ನು ಅಳೆಯುವ ಪರಮಾಣು ಹೀರಿಕೆ ರೋಹಿತಮಾಪಕ ಎಲ್ಲ ಕಾಲೇಜುಗಳಿಗೂ ಎಟುಕದು ನಿಜ. ಆದರೆ ಲೋಹಲೇಪನ ಘಟಕಗಳಿಂದ ಹೊರಬೀಳುವ ಷಡ್ವೇಲೆನ್ಸಿ ಕ್ರೋಮಿಯಂ, ಆಮ್ಲೀಯ ದ್ರಾವಣದಲ್ಲಿ ಡೈಫಿನೈಲ್ ಕಾರ್ಬಜೈಡ್ ಜತೆ ಸೇರಿ ನೇರಳೆಗೆಂಪು ಬಣ್ಣ ತಳೆಯುತ್ತದೆ. ಆ ಬಣ್ಣದ ತೀವ್ರತೆಯನ್ನು ಸಾಮಾನ್ಯ ವರ್ಣಮಾಪಕವೇ ಅಳೆಯಬಲ್ಲದು. ಆರಂಭಕ್ಕೆ ಅಷ್ಟು ಸಾಕು.

ಉಪಕರಣಕ್ಕಿಂತ ಮುಖ್ಯವಾದದ್ದು ಎಚ್ಚರ. ಬಾಟಲಿಯನ್ನು ಆಮ್ಲದಿಂದ ತೊಳೆಯದಿದ್ದರೆ ಕಂಡದ್ದು ನದಿಯ ಲೋಹವೋ ಬಾಟಲಿಯದೋ ಹೇಳಲಾಗದು. ಶುದ್ಧ ನೀರನ್ನೂ ಅದೇ ಕ್ರಮದಲ್ಲಿ ಪರೀಕ್ಷಿಸಬೇಕು. ಮಾದರಿಗೆ ಗೊತ್ತಾದ ಪ್ರಮಾಣದ ಲೋಹ ಬೆರೆಸಿ, ಅದು ಮರಳಿ ದೊರೆಯುವುದೇ ಎಂದು ನೋಡಬೇಕು. ಪ್ರತಿ ಅಳತೆಯನ್ನೂ ಮತ್ತೆ ಮಾಡಬೇಕು. ನದಿಯ ನೀರಿಗೆ ರೆಕಾರ್ಡ್ ಪುಸ್ತಕದಲ್ಲಿ ಸಿದ್ಧ ಉತ್ತರವಿಲ್ಲ. ಆದ್ದರಿಂದ ಅಂಕ ಸಲ್ಲಬೇಕಾದದ್ದು ನಿರೀಕ್ಷಿತ ಸಂಖ್ಯೆಗಲ್ಲ, ಈ ಎಚ್ಚರಕ್ಕೆ.

ವಿದ್ಯಾರ್ಥಿಗಳ ಅಳತೆ ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸಕ್ಕೆ ಬದಲಿಯಾಗದು, ಆಗಲೂಬಾರದು. ಆದರೆ ನಾಳೆ ಅದೇ ಮಂಡಳಿಯಲ್ಲೋ ಕಾರ್ಖಾನೆಯ ಪ್ರಯೋಗಾಲಯದಲ್ಲೋ ವರದಿಗೆ ಸಹಿ ಹಾಕುವವರು ಇವರೇ. ‘ಬರಬೇಕಾದ’ ಸಂಖ್ಯೆಯನ್ನು ಬರೆಯುವ ಅಭ್ಯಾಸ ಕಾಲೇಜಿನಲ್ಲೇ ಬೆಳೆದರೆ, ಅದರ ಬೆಲೆ ತೆರುವವರು ಕೆಳಹರಿವಿನ ಜನ. ವಿಶ್ವವಿದ್ಯಾಲಯಗಳು ಪಠ್ಯಕ್ರಮ ಪರಿಷ್ಕರಿಸುವಾಗ ಇದನ್ನು ಮರೆಯಬಾರದು.