'ಡ್ರೈ' ಅಂದರೆ ಬರಡಲ್ಲ

ಇಂಗ್ಲಿಷಿನ 'ಡ್ರೈ' ಚಿಕ್ಕ ಮಾತು, ಆದರೆ ಹೋದ ಹೋದಲ್ಲಿ ಅರ್ಥ ಬೇರೆ. ಅಕ್ಟೋಬರ್ 2 'ಡ್ರೈ ಡೇ'. ಅವತ್ತು ಎಷ್ಟೇ ಮಳೆ ಸುರಿಯಲಿ, ಡ್ರೈ ಡೇನೇ. ಹೆಂಡದಂಗಡಿ ಬಂದ್, ಅಷ್ಟೆ. 'ಡ್ರೈ ಕ್ಲೀನಿಂಗ್'ನಲ್ಲಿ ನೀರು ಬಳಸೋದಿಲ್ಲ, ಆದರೂ ಬಟ್ಟೆಯನ್ನು ಬೇರೊಂದು ದ್ರವದಲ್ಲಿ ನೆನೆಸಿಯೇ ತೊಳೀತಾರೆ. ಬ್ಯಾಟರಿಯ 'ಡ್ರೈ ಸೆಲ್' ಒಳಗೂ ಹಸಿ ಇರತೈತಿ. ಅದು ಪೂರಾ ಒಣಗಿದರೆ ದೀಪ ಹತ್ತೋದಿಲ್ಲ. ಇನ್ನು 'ಡ್ರೈ' ಹಸು. ಕರು ಹಾಕುವ ಎರಡು ತಿಂಗಳ ಮುಂಚೆ ಹಿಂಡೋದು ನಿಲ್ಲಿಸಿದ ಗಬ್ಬದ ಹಸು ಅದು. ಗೊಡ್ಡು ಅಂತ ತಿಳಿದು ಮೇವು ಕಡಿಮೆ ಮಾಡಿದರೆ ಮುಂದಿನ ಸೂಲಿನ ಹಾಲಿಗೇ ಪೆಟ್ಟು.

ನಮ್ಮ 'ಡ್ರೈ ಲ್ಯಾಂಡ್' ಕಥೆಯೂ ಇದೇ. ಹಿರಿಯರು ಬೆದ್ದಲು ಅಂದರು. ಕಂದಾಯ ಕಾಗದ ಖುಷ್ಕಿ ಅಂತು. ಆ ಪಾರಸಿ ಮಾತಿಗೂ ಒಣ ಅಂತಲೇ ಅರ್ಥ. ಆದರೆ ಕಾಗದದಾಗ ಅದು ನೀರಾವರಿ ಇಲ್ಲದ ಜಮೀನು ಅನ್ನೋ ಗುರುತು ಮಾತ್ರ. ಈಗ 'ಡ್ರೈ' ಅಂದ ಕೂಡಲೇ ಕೇಳುವವರ ಕಿವಿಗೆ ಬರಡು ಅಂತ ಬೀಳತೈತಿ. ಕಾರ್ಖಾನೆಗೆ ಜಾಗ ಬೇಕಾದಾಗ "ಡ್ರೈ ಲ್ಯಾಂಡ್ ತಾನೇ" ಅನ್ನುತ್ತಾರೆ. 2013ರ ಭೂಸ್ವಾಧೀನ ಕಾಯಿದೆಯೂ ನೀರಾವರಿಯ ಬಹುಬೆಳೆ ಜಮೀನನ್ನು ಅನಿವಾರ್ಯ ಬಿಟ್ಟರೆ ಮುಟ್ಟಬಾರದು ಅನ್ನತೈತಿ. ನಮ್ಮ ಹೊಲಕ್ಕೆ ಅಷ್ಟು ಗಟ್ಟಿ ಕಾವಲಿಲ್ಲ.

ಲೆಕ್ಕ ಹಾಕಿ ನೋಡ್ರಿ. ವರ್ಷಕ್ಕೆ 500 ಮಿ.ಮೀ. ಮಳೆ ಬಿದ್ದರೂ ಒಂದೆಕರೆಗೆ 20 ಲಕ್ಷ ಲೀಟರ್ ನೀರು ಬಿದ್ದಂಗ. ವಿಜಯಪುರ ಕಡೆಯ ಆಳವಾದ ಎರೆಹೊಲ ಮಳೆಗಾಲದ ನೀರು ಕುಡಿದು ಇಟ್ಟುಕೊಳ್ಳತೈತಿ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಿತ್ತಿದ ಹಿಂಗಾರಿ ಬಿಳಿಜೋಳ ಹೆಚ್ಚಾಗಿ ಆ ಹಸಿಯ ಮ್ಯಾಲೇ ತೆನಿ ಕಟ್ಟತೈತಿ. ಮೇಲೆ ನೆಲ ಬಿರಿದಿದ್ದರೂ ಒಳಗೆ ಹಸಿ ಇರತೈತಿ. ಅದನ್ನು ಉಳಿಸಾಕ ಬದು ಹಾಕೋದು, ಕುಂಟೆ ಹೊಡೆಯೋದು. ನೀರಾವರಿ ಇಲ್ಲ ಅನ್ನೋದು ಖರೆ, ನೀರೇ ಇಲ್ಲ ಅನ್ನೋದು ಸುಳ್ಳು.

ಹೆಸರು ಬದಲಾದರೆ ಮಳೆ ಹೆಚ್ಚಾಗತೈತೇನು ಅಂತ ಕೇಳಬಹುದು. ಆಗೋದಿಲ್ಲ. ಆದರೆ ಬರಡು ಅಂತ ತಿಳಿದ ಭೂಮಿಗೆ ಬದುವಿನ ದುಡ್ಡು, ಸಾಲ, ಸಂಶೋಧನೆ ಎಲ್ಲಾ ಕಡೇ ಪಾಳಿಗೆ ಬರತಾವು. 2006ರಲ್ಲಿ ಕೇಂದ್ರ ಸರಕಾರ ಕಟ್ಟಿದ ಪ್ರಾಧಿಕಾರಕ್ಕೇ 'ಮಳೆಯಾಶ್ರಿತ ಪ್ರದೇಶ' ಅಂತ ಹೆಸರಿಟ್ಟಾರ. ನಾವೂ ಅರ್ಜಿ ಬರೆಯುವಾಗ, ಸಭೆಯಲ್ಲಿ ಮಾತಾಡುವಾಗ 'ಡ್ರೈ' ಬಿಟ್ಟು 'ಮಳೆಯಾಶ್ರಿತ' ಅನ್ನೋಣ. ಬೆದ್ದಲು ಅಂದರೂ ಆದೀತು.