ಜಾರಿ ಗೆದ್ದವಳು

ನಮ್ಮ ಮಾತಿನಲ್ಲಿ ಗಂಡಸು ಜಾರಿದರೆ ಸೊಂಟ ಉಳುಕುತ್ತದೆ; ಹೆಂಗಸು ಜಾರಿದರೆ ಮನೆತನದ ಮಾನವೇ ಹೋಗುತ್ತದೆ. 'ಜಾರಿದವಳು' ಎನ್ನುವುದನ್ನು ಎಷ್ಟೋ ಸಲ ಕೇಳಿದ್ದೇನೆ. 'ಜಾರಿದವನು' ಎಂದು ಯಾರನ್ನಾದರೂ ಆಡಿಕೊಂಡದ್ದನ್ನು ಈ ವಯಸ್ಸಿನವರೆಗೂ ಕೇಳಿಲ್ಲ. ಅದಕ್ಕೇ, ಜಾರಿಯೇ ಗೆದ್ದ ಒಬ್ಬ ಹೆಣ್ಣುಮಗಳ ಸುದ್ದಿ ನಿಮಗೆ ಹೇಳಬೇಕು. ಜೊತೆಗೆ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು.

ಹೋದ ವರ್ಷ ಮೇ ತಿಂಗಳಲ್ಲಿ ಷಿಕಾಗೋ ಬಳಿ ಇರುವ ಮಗಳ ಮನೆಗೆ ಹೋಗಿದ್ದೆ. ಹತ್ತು ವರ್ಷದ ಮೊಮ್ಮಗಳು ಸಾಫ್ಟ್‌ಬಾಲ್ ಆಡುತ್ತಾಳೆ. ಒಂದು ಸಂಜೆ ಮೊಣಕಾಲು ತರಚಿಕೊಂಡು, ರಕ್ತ ಸುರಿಸಿಕೊಂಡು, ನಗುನಗುತ್ತಾ ಬಂದಳು. ನಾನು ಅರಿಶಿನದ ಡಬ್ಬಿ ಹುಡುಕುತ್ತಾ, "ಹೆಣ್ಣುಮಗುವಿನ ಕಾಲಲ್ಲಿ ಕಲೆ ಉಳಿದರೆ ಹೇಗೆ?" ಎಂದೆ. ಒಲೆಯ ಮುಂದಿದ್ದ ಮಗಳು ತಿರುಗಿಯೂ ನೋಡಲಿಲ್ಲ. "ಅಮ್ಮ, ನನಗೆ ಹೇಳಿದ್ದನ್ನ ಅವಳಿಗೂ ಹೇಳಬೇಡ" ಎಂದಳು. ನನ್ನ ಬಾಯಿ ಕಟ್ಟಿತು.

ಆ ರಾತ್ರಿ ಮೊಮ್ಮಗಳು ಶಾಲೆಯ ಲೈಬ್ರರಿಯಿಂದ ತಂದ ಪುಸ್ತಕವೊಂದನ್ನು ನನ್ನ ಮಡಿಲಿಗೆ ಹಾಕಿ, 1946ರ ಸೆಪ್ಟೆಂಬರಿನ ಒಂದು ಬೇಸ್‌ಬಾಲ್ ಪಂದ್ಯದ ಕಥೆ ಹೇಳಿದಳು. ಆಡಿದವರೆಲ್ಲ ಹುಡುಗಿಯರು. ಎರಡನೆಯ ಮಹಾಯುದ್ಧಕ್ಕೆ ಗಂಡಸರು ಹೊರಟಾಗ, 1943ರಲ್ಲಿ ಚೂಯಿಂಗ್ ಗಮ್ ಕಂಪನಿಯ ಒಡೆಯ ಫಿಲಿಪ್ ರಿಗ್ಲಿ ಕಟ್ಟಿಸಿದ ಹೆಂಗಸರ ಲೀಗ್ ಅದು. ಆ ದಿನ ಚಾಂಪಿಯನ್ ಪಟ್ಟಕ್ಕಾಗಿ ರಸೀನ್ ಬೆಲ್ಸ್ ತಂಡವೂ ರಾಕ್‌ಫರ್ಡ್ ಪೀಚಸ್ ತಂಡವೂ ಎದುರುಬದುರಾಗಿದ್ದವು. ಆಟ ನಡೆದದ್ದು ಮಿಷಿಗನ್ ಸರೋವರದ ದಡದ ರಸೀನ್ ಊರಿನಲ್ಲೇ.

ಬೇಸ್‌ಬಾಲಿನಲ್ಲಿ ಪ್ರತಿ ತಂಡಕ್ಕೂ ಒಂಬತ್ತು ಸರದಿ. ಅಷ್ಟರಲ್ಲೂ ಸಮಸಮವಾದರೆ, ಒಬ್ಬರು ಗೆಲ್ಲುವ ತನಕ ಇನ್ನಿಂಗ್ಸ್ ಮೇಲೆ ಇನ್ನಿಂಗ್ಸ್ ಆಡುತ್ತಲೇ ಹೋಗಬೇಕು. ಅಂದು ಒಂಬತ್ತು ಮುಗಿದಾಗ ಎರಡೂ ಕಡೆ ಸೊನ್ನೆ. ರಾಕ್‌ಫರ್ಡಿನ ಕ್ಯಾರೊಲಿನ್ ಮಾರಿಸ್ ಆ ಒಂಬತ್ತರಲ್ಲಿ ಎದುರಾಳಿಗಳಿಗೆ ಒಂದೇ ಒಂದು ಹಿಟ್ಟನ್ನೂ ಕೊಟ್ಟಿರಲಿಲ್ಲ. ರಸೀನಿನ ಜೊಆನ್ ವಿಂಟರಳ ಪಾಡು ತದ್ವಿರುದ್ಧ. ಅವಳಿಗೆ ಒಟ್ಟು ಹದಿಮೂರು ಹಿಟ್ ಬಿದ್ದವು. ಮತ್ತೆ ಮತ್ತೆ ಎದುರಾಳಿಗಳು ಬೇಸುಗಳಲ್ಲಿ ಬಂದು ನಿಂತರು. ಆದರೂ ಒಬ್ಬಳನ್ನೂ ಮನೆ ಮುಟ್ಟಗೊಡಲಿಲ್ಲ. ನಾಲ್ಕನೆಯ ಬೇಸಿಗೆ ಅಲ್ಲಿ 'ಹೋಮ್', ಅಂದರೆ ಮನೆ ಎಂದೇ ಹೆಸರು. ಮನೆ ಮುಟ್ಟಿದರೆ ಮಾತ್ರ ರನ್. ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು. ಸೊನ್ನೆ ಸೊನ್ನೆಯಾಗಿಯೇ ಉಳಿಯಿತು.

ಹದಿನಾಲ್ಕನೆಯದರಲ್ಲಿ ರಸೀನಿನ ಸೋಫಿ ಕ್ಯುರಿಸ್ ಮೊದಲ ಬೇಸ್ ಮುಟ್ಟಿದಳು. ಎರಡನೆಯದನ್ನು ಕದ್ದಳು. ಚೆಂಡೆಸೆಯುವವಳ ಕಣ್ಣು ತಪ್ಪಿಸಿ ಓಡುವುದಕ್ಕೆ ಅವರು ಕದಿಯುವುದೆನ್ನುತ್ತಾರೆ. ಮೂರನೆಯದಕ್ಕೆ ಓಟ ಕಿತ್ತಳು. ಅದೇ ಗಳಿಗೆಗೆ ಬೆಟ್ಟಿ ಟ್ರೆಝಾ ಚೆಂಡನ್ನು ಬಲಕ್ಕೆ ಬಾರಿಸಿದಳು. ಸೋಫಿ ಮೂರನೆಯ ಬೇಸಿನಲ್ಲೂ ನಿಲ್ಲಲಿಲ್ಲ. ನೆಲಕ್ಕೆ ಬಿದ್ದು, ಧೂಳೆಬ್ಬಿಸಿ, ಜಾರಿ ಮನೆ ಮುಟ್ಟಿದಳು. ಒಂದು, ಸೊನ್ನೆ. ಪಟ್ಟ ರಸೀನಿಗೆ. ಗಂಡಸರ ಲೀಗಿನಲ್ಲಿ ಬೇಸ್ ಕದಿಯುವುದರಲ್ಲೇ ಹೆಸರು ಮಾಡಿದ್ದ ಮ್ಯಾಕ್ಸ್ ಕೇರಿ ಆಗ ಈ ಲೀಗಿನ ಅಧ್ಯಕ್ಷ. ತಾನು ಕಂಡ ಆಟಗಳಲ್ಲೆಲ್ಲ ಇದೇ ಶ್ರೇಷ್ಠವೆಂದು ಆತ ಹೇಳಿದ.

ನನಗೆ ಸಿಟ್ಟು ಬಂದದ್ದು ಚಿತ್ರ ನೋಡಿದಾಗ. ಈ ಹುಡುಗಿಯರು ತೊಟ್ಟದ್ದು ತೊಡೆ ಮಟ್ಟದ ಗಿಡ್ಡ ಲಂಗ! ಪ್ರತಿಯೊಂದು ಜಾರಿಗೂ ಬರಿಯ ತೊಡೆ ನೆಲಕ್ಕೆ ಉಜ್ಜಿ ಚರ್ಮ ಸುಲಿಯುತ್ತಿತ್ತು. ಆ ಕೆಂಪು ಗಾಯಕ್ಕೆ ಅವರು 'ಸ್ಟ್ರಾಬೆರಿ' ಎಂದು ಹೆಸರಿಟ್ಟಿದ್ದರಂತೆ. ಗಂಡಸರಿಗೆ ಪ್ಯಾಂಟು, ಇವರಿಗೆ ಲಂಗ. ಯಾಕೆ? ನೋಡುವವರಿಗೆ ಇವರು 'ಹೆಣ್ಣಾಗಿಯೇ' ಕಾಣಬೇಕಲ್ಲ! ಮೊದಲ ವರ್ಷ ಹೆಲೆನಾ ರುಬಿನ್‌ಸ್ಟೈನ್ ಸಂಸ್ಥೆಯವರಿಂದ ಅಲಂಕಾರದ, ನಡಿಗೆಯ, ನಯವಿನಯದ ಪಾಠವೂ ಆಯಿತು. ಗಂಡುಹುಡುಗರಂತೆ ಕೂದಲು ಕತ್ತರಿಸುವಂತಿಲ್ಲ. ತುಟಿಗೆ ಬಣ್ಣ ಬೇಕು. ತಂಡಕ್ಕೊಬ್ಬಳು ಕಾವಲಿನ ಹೆಂಗಸು. ಕಪ್ಪು ಹೆಣ್ಣುಮಕ್ಕಳಿಗಂತೂ ಇಷ್ಟೆಲ್ಲ ಒಪ್ಪಿದರೂ ಆ ಲೀಗಿನ ಬಾಗಿಲು ತೆರೆಯಲಿಲ್ಲ.

"ಲಂಗ ತೊಟ್ಟದ್ದಕ್ಕೇ ಜನ ಬಂದರು, ಸಂಬಳ ಸಿಕ್ಕಿತು, ಆಟ ನಡೆಯಿತು" ಎನ್ನುವವರಿದ್ದಾರೆ. ಇರಬಹುದು. ಆದರೆ ಹದಿನಾಲ್ಕು ಇನ್ನಿಂಗ್ಸ್ ಜನರನ್ನು ಕೂರಿಸಿದ್ದು ಲಂಗವೇ? ಲಂಗ ನೋಡಲು ಬಂದವನಿಗೆ ಅರ್ಧ ಗಂಟೆ ಸಾಕು. ಸೊನ್ನೆಗೆ ಸೊನ್ನೆ ಎದುರಾಗಿ ನಿಂತ ಆಟ ನೋಡಲು ಆಟವೇ ಬೇಕು. 1946ರಲ್ಲಿ ಸೋಫಿ ಕದ್ದ ಬೇಸುಗಳು 201. ಗಂಡಸರ ದೊಡ್ಡ ಲೀಗುಗಳ ಆಧುನಿಕ ದಾಖಲೆ 130; ಅದು ರಿಕಿ ಹೆಂಡರ್‌ಸನ್ನನದು, 1982ರದು. "ಹೆಂಗಸರ ಅಂಗಣದಲ್ಲಿ ಬೇಸುಗಳ ನಡುವಿನ ದೂರ ಕಡಿಮೆ ಇತ್ತು" ಎನ್ನುತ್ತಾರೆ. ಒಪ್ಪಿದೆ, ಹೋಲಿಸುವುದು ಬೇಡ. ಬರಿತೊಡೆಯಲ್ಲಿ ಜಾರಿದ್ದನ್ನೂ ಅಷ್ಟೇ ಪ್ರಾಮಾಣಿಕವಾಗಿ ಲೆಕ್ಕಕ್ಕೆ ಹಿಡಿಯಿರಿ, ಸಾಕು.

1954ಕ್ಕೆ ಲೀಗ್ ಮುಚ್ಚಿತು. ಆಡಿದವರು ಮದುವೆ, ಕೆಲಸ, ಮಕ್ಕಳು ಎಂದು ಚದುರಿದರು. ಕೂಪರ್ಸ್‌ಟೌನಿನ ಬೇಸ್‌ಬಾಲ್ ವಸ್ತುಸಂಗ್ರಹಾಲಯದಲ್ಲಿ ಅವರಿಗೊಂದು ಜಾಗ ಸಿಕ್ಕಿದ್ದು 1988ರಲ್ಲಿ. 1992ರಲ್ಲಿ ಸಿನಿಮಾ ಬಂದ ಮೇಲೆ ಲೋಕಕ್ಕೆ ಅವರ ನೆನಪಾಯಿತು. ಆಡುವಾಗ 'ಮೊದಲು ಹೆಣ್ಣಾಗಿರು' ಎಂದವರು ಆಟ ಮುಗಿದ ಮೇಲೆ 'ಹೆಣ್ಣು ತಾನೇ' ಎಂದು ಮರೆತರು.

ಅವರನ್ನು ಬೈದು ನಾನು ಪಾರಾಗುವಂತಿಲ್ಲ. ನನ್ನ ಮಗಳು ಎಂಟನೆಯ ತರಗತಿಯಲ್ಲಿ ಖೊಖೊ ತಂಡದಲ್ಲಿದ್ದಳು. ಕಂಬದ ಬಳಿ ಹಾರಿ ಬಿದ್ದು ಗದ್ದ ಕೆತ್ತಿಸಿಕೊಂಡಳು. ತಾಲ್ಲೂಕು ಮಟ್ಟದ ಪಂದ್ಯ ಮುಂದಿನ ವಾರವಿತ್ತು. ಪಿ.ಟಿ. ಮೇಷ್ಟ್ರು ಮನೆಯತನಕ ಬಂದು ಕೇಳಿಕೊಂಡರು. "ನಾಳೆ ಇವಳನ್ನು ನೋಡೋಕೆ ಬಂದವರು ಗದ್ದದ ಮೇಲಿನ ಕಲೆ ಕೇಳಿದರೆ ನೀವು ಬಂದು ಹೇಳ್ತೀರಾ ಮೇಷ್ಟ್ರೇ?" ಎಂದು ಅವರಿಗೆ ಕಾಫಿ ಕೊಟ್ಟು ಕಳಿಸಿದೆ. ಎಂಥ ಜಾಣತನದ ಮಾತು ಆಡಿದೆನೆಂದು ಆಗ ಬೀಗಿದ್ದೆ. ಮಗಳು ಅಳಲಿಲ್ಲ. ಆಡುವುದನ್ನು ಬಿಟ್ಟಳು, ಅಷ್ಟೆ. ಅಮೆರಿಕದ ಆ ಹುಡುಗಿಯರಿಗೆ ಲಂಗ ತೊಡಿಸಿದವನಾದರೂ ಆಡಲು ಬಿಟ್ಟ. ನಾನು ಅದನ್ನೂ ಬಿಡಲಿಲ್ಲ.

ಮಗಳ ಗದ್ದದ ಕಲೆಯನ್ನು ಅವಳ ಗಂಡನ ಕಡೆಯವರು ಇವತ್ತಿನವರೆಗೂ ಕೇಳಿಲ್ಲ. ಅದನ್ನು ದಿನವೂ ಕಂಡವಳು ನಾನೊಬ್ಬಳೇ.

ನಿಮ್ಮ ಮನೆಯಲ್ಲೂ ಒಬ್ಬಳು ಮೊಣಕಾಲು ತರಚಿಕೊಂಡು ಬರುತ್ತಾಳೆ. ಗಾಯಕ್ಕೆ ಅರಿಶಿನ ಹಚ್ಚಿ. ಬಾಯಿ ತುದಿಗೆ ಬಂದ ಮಾತನ್ನು ನುಂಗಿಕೊಳ್ಳಿ. ಆಮೇಲೆ, "ಯಾರು ಗೆದ್ದರೇ?" ಎಂದು ಕೇಳಿ.