ಮುಚ್ಚಿಟ್ಟ ತಲೆನೋವು: ಎತ್ತರದ ದಾರಿಯಲ್ಲಿ ಸೈಕಲ್ ಯಾತ್ರೆ

ಹಿಮ ಕರಗಿ ದಾರಿ ತೆರೆಯಿತೆಂದರೆ ಹಿಮಾಚಲದ ಮನಾಲಿಯಿಂದ ಲಡಾಖಿನ ಲೇಹ್‌ವರೆಗೆ ಸೈಕಲ್ ತುಳಿಯಲು ಹೊರಡುವ ಗೆಳೆಯರ ಗುಂಪುಗಳು ನಮ್ಮ ಊರುಗಳಲ್ಲಿಯೂ ಸಿದ್ಧವಾಗುತ್ತವೆ. ಸುಮಾರು 475 ಕಿಲೋಮೀಟರ್ ಉದ್ದದ ಈ ಹಳೆಯ ಹೆದ್ದಾರಿಯಲ್ಲಿ ರೋಹ್ತಾಂಗ್, ಬಾರಾಲಾಚಾ ಲಾ, ನಕೀ ಲಾ, ಲಾಚುಲುಂಗ್ ಲಾ, ತಂಗ್ಲಂಗ್ ಲಾ ಎಂಬ ಐದು ಕಂಡಿಗಳನ್ನು ದಾಟಬೇಕು. ‘ಲಾ’ ಎಂದರೆ ಆ ಕಡೆಯ ಭಾಷೆಯಲ್ಲಿ ಬೆಟ್ಟಸಾಲನ್ನು ದಾಟುವ ಕಂಡಿಯೆಂದೇ ಅರ್ಥ. ಕೊನೆಯದಾದ ತಂಗ್ಲಂಗ್ ಲಾ 5,300 ಮೀಟರಿಗೂ ಮಿಗಿಲಾದ ಎತ್ತರದಲ್ಲಿದೆ. ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಅಂದರೆ ಯಾತ್ರೆ ಆರಂಭವಾಗುವ ಮನಾಲಿ ಪಟ್ಟಣವೇ ನಮ್ಮ ನಾಡಿನ ನೆತ್ತಿಗಿಂತ ಮೇಲಿದೆ. ಈ ಸಂಗತಿಯನ್ನು ಹೊರಡುವವರೂ ಅವರನ್ನು ಹರಸಿ ಕಳುಹಿಸುವ ಮನೆಯವರೂ ಸರಿಯಾಗಿ ಮನಗಂಡಿಲ್ಲವೆಂಬುದು ನನ್ನ ಅನುಭವ. ಮನಗಾಣದೆ ಹೋದವರಲ್ಲಿ ನಾನೂ ಒಬ್ಬನಾಗಿದ್ದೆ.

ನಾನು ವೈದ್ಯನಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ದೈಹಿಕ ಶಿಕ್ಷಣ ಕಲಿಸಿ ನಿವೃತ್ತನಾದವನು. ಸೈಕಲ್ ಯಾತ್ರೆ ಬೇಡವೆಂದು ಹೇಳಲು ಈ ಲೇಖನವನ್ನು ಬರೆಯುತ್ತಿಲ್ಲ. ಮೊಣಕಾಲಿಗೆ ಭಾರ ಕೊಡದೆ ಹೃದಯಕ್ಕೂ ತೊಡೆಗೂ ಕೆಲಸ ಕೊಡುವ ವ್ಯಾಯಾಮಗಳಲ್ಲಿ ಸೈಕಲ್ಲಿಗೆ ಸಮನಾದುದು ಕಡಿಮೆ. ಗೆಳೆಯರೊಡನೆ ದಿನಗಟ್ಟಲೆ ಒಂದೇ ದಾರಿಯಲ್ಲಿ ಸಾಗುವುದರಿಂದ ಮನಸ್ಸಿಗೆ ದೊರೆಯುವ ಆರೋಗ್ಯವನ್ನು ಅಳೆಯುವ ಮಾಪಕವೂ ಇಲ್ಲ. ಆದರೆ ಎತ್ತರದ ದಾರಿಯಲ್ಲಿ ಇದೇ ಗೆಳೆತನ ಕೆಲವೊಮ್ಮೆ ಅಪಾಯಕ್ಕೂ ಕಾರಣವಾಗುತ್ತದೆ. ಆ ವಿಷಯವನ್ನು ಬಿಚ್ಚಿ ಹೇಳಬೇಕೆಂದೇ ಬರೆಯಲು ಕುಳಿತಿದ್ದೇನೆ.

ಮೊದಲು ಶರೀರದ ಮಾತು. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಿ ಹೋದರೂ ನೂರಕ್ಕೆ ಸುಮಾರು 21. ಮೇಲೇರಿದಂತೆ ಕಡಿಮೆಯಾಗುವುದು ಗಾಳಿಯ ಒತ್ತಡ. ತಂಗ್ಲಂಗ್ ಲಾದ ಎತ್ತರದಲ್ಲಿ ಆ ಒತ್ತಡ ಸಮುದ್ರಮಟ್ಟದ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಆದುದರಿಂದ ಒಂದು ಉಸಿರಿನಲ್ಲಿ ಒಳಹೋಗುವ ಆಮ್ಲಜನಕವೂ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಶರೀರ ಇದನ್ನು ಅರಿತು ಉಸಿರಾಟದ ವೇಗವನ್ನು ಹೆಚ್ಚಿಸುತ್ತದೆ. ವೇಗವಾಗಿ ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ರಕ್ತದ ಕ್ಷಾರಗುಣ ಏರುತ್ತದೆ. ಅದನ್ನು ಸರಿದೂಗಿಸುವ ಹೊಣೆ ಮೂತ್ರಪಿಂಡಗಳದು, ಅವಕ್ಕೆ ಕೆಲವು ದಿನಗಳಾದರೂ ಬೇಕು. ಹೊಸ ಕೆಂಪು ರಕ್ತಕಣಗಳು ಸಾಕಷ್ಟು ಹುಟ್ಟಲು ವಾರಗಳೇ ಬೇಕು. ಈ ಕೆಲಸಗಳಾವುವೂ ನಮ್ಮ ಹಟಕ್ಕೆ ಬೇಗ ಮುಗಿಯುವಂಥವಲ್ಲ. ಆದ್ದರಿಂದಲೇ 3,000 ಮೀಟರ್ ದಾಟಿದ ಮೇಲೆ ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ಪೂರ್ತಿ ನಿಲ್ಲಬೇಕು ಎಂದು ಪರ್ವತ ವೈದ್ಯಶಾಸ್ತ್ರ ಹೇಳುತ್ತದೆ. ಹಗಲು ಎಷ್ಟು ಎತ್ತರ ಏರಿದೆವು ಎನ್ನುವುದಕ್ಕಿಂತ ರಾತ್ರಿ ಎಲ್ಲಿ ತಲೆಯಿಟ್ಟೆವು ಎನ್ನುವುದೇ ಮುಖ್ಯ.

ಈ ನಿಯಮವನ್ನು ಮೀರಿದಾಗ ಪರ್ವತವ್ಯಾಧಿ ಕಾಣಿಸಿಕೊಳ್ಳುತ್ತದೆ. ಆರಂಭದಲ್ಲಿ ತಲೆನೋವು, ವಾಕರಿಕೆ, ಊಟ ಸೇರದಿರುವುದು, ತಲೆಸುತ್ತು, ವಿಪರೀತ ದಣಿವು. ಅಲ್ಲಿಗೆ ನಿಲ್ಲದೆ ಇನ್ನೂ ಏರಿದರೆ ಮೆದುಳು ಊದಿಕೊಳ್ಳಬಹುದು, ಶ್ವಾಸಕೋಶದಲ್ಲಿ ನೀರು ತುಂಬಬಹುದು. ಇವೆರಡೂ ಪ್ರಾಣಾಂತಕ. ದೇಹದಾರ್ಢ್ಯ ಇದರಿಂದ ಕಾಪಾಡುವುದಿಲ್ಲವೆಂಬುದನ್ನು ನಂಬಲು ನನಗೆ ಬಹಳ ಕಷ್ಟವಾಯಿತು. ನಮ್ಮ ಘಟ್ಟಗಳಲ್ಲಿ ತಿಂಗಳುಗಟ್ಟಲೆ ಹತ್ತಿಳಿದರೆ ಕಾಲು ಗಟ್ಟಿಯಾಗುತ್ತದೆ, ಆದರೆ ರಕ್ತ ಅಲ್ಲಿಯ ಗಾಳಿಗೆ ಹೊಂದಿಕೊಂಡಿರುವುದಿಲ್ಲ. ಗಟ್ಟಿ ಕಾಲಿನವನೇ ಹೆಚ್ಚು ಅಪಾಯದಲ್ಲಿ ಇರುತ್ತಾನೆಂದರೂ ತಪ್ಪಿಲ್ಲ. ಅವನು ಶರೀರ ಹೊಂದಿಕೊಳ್ಳುವ ಮೊದಲೇ ಮೇಲೆ ತಲುಪಿಬಿಡುತ್ತಾನೆ.

ಕೆಲವು ವರ್ಷಗಳ ಹಿಂದೆ ಜುಲೈ ತಿಂಗಳಿನಲ್ಲಿ ನಾವು ಐವರು ಹೊರಟೆವು. ಎಲ್ಲರೂ ಬಾಲ್ಯದ ಗೆಳೆಯರು, ಎಲ್ಲರೂ ಐವತ್ತು ದಾಟಿದವರು. ನಮ್ಮಲ್ಲಿ ಅತ್ಯಂತ ಗಟ್ಟಿಗನಾದವನು ಔಷಧದ ಅಂಗಡಿಯವನು. ಪ್ರಯಾಣದ ಔಷಧಿ ಡಬ್ಬಿಯನ್ನು ಕಟ್ಟಿದವನೂ, ಪರ್ವತವ್ಯಾಧಿಯ ಲಕ್ಷಣಗಳನ್ನು ನಮಗೆಲ್ಲ ಬಾಯಿಪಾಠ ಮಾಡಿಸಿದವನೂ ಅವನೇ. ಕೇಲಾಂಗ್ ತಲುಪುವ ಮುನ್ನ ಗುಡ್ಡ ಕುಸಿದು ನಮ್ಮದೊಂದು ದಿನ ಕಳೆಯಿತು. ಹಿಂದಿರುಗುವ ಟಿಕೇಟು ಕೈಯಲ್ಲಿತ್ತು. ಕಳೆದ ದಿನವನ್ನು ಹಿಡಿಯಬೇಕೆಂದು ಜಿಸ್ಪಾದಿಂದ ಹೊರಟವರು 3,800 ಮೀಟರ್ ಎತ್ತರದ ಪಟ್ಸೇವ್‌ನಲ್ಲಿ ಮಾಡಬೇಕಾಗಿದ್ದ ವಸತಿಯನ್ನು ಬಿಟ್ಟು ನೇರವಾಗಿ ಜಿಂಗ್‌ಜಿಂಗ್ ಬಾರ್‌ಗೆ ಹೋಗಿ ಮಲಗಿದೆವು. ಜಿಸ್ಪಾ 3,200 ಮೀಟರ್. ಜಿಂಗ್‌ಜಿಂಗ್ ಬಾರ್ 4,200 ಮೀಟರಿಗೂ ಹೆಚ್ಚು. ಒಂದೇ ರಾತ್ರಿಗೆ ಸಾವಿರ ಮೀಟರಿನ ಜಿಗಿತ. ಈ ನಿರ್ಧಾರಕ್ಕೆ ಒತ್ತಾಯಿಸಿದವನು ನಾನು.

ಅಂದು ರಾತ್ರಿ ಅವನು ಊಟ ಮಾಡಲಿಲ್ಲ. ಕೇಳಿದರೆ, “ಏನೂ ಆಗಿಲ್ಲೋ, ಪಿತ್ತ ಆಗೇದ, ಅಷ್ಟ” ಎಂದ. ಮರುದಿನ ಬಾರಾಲಾಚಾ ಲಾ ಏರುವಾಗ ಎಂದೂ ಹಿಂದುಳಿಯದವನು ಹಿಂದುಳಿದ. ನಾವು ಕಂಡಿಯ ಮೇಲೆ ಕಾದು, ಚಿತ್ರ ತೆಗೆಸಿಕೊಂಡು, ಅವನು ಬಂದೊಡನೆ ಬೆನ್ನು ತಟ್ಟಿ ಆ ಕಡೆಗೆ ಇಳಿದೆವು. ಸಂಜೆ ಸರ್ಚುವಿನ ತಂಬಿನಲ್ಲಿ ಎರಡು ಬಾರಿ ವಾಂತಿಯಾಯಿತು. ಬೆಳಗಿನ ಜಾವ ಅವನು ಹೊರಗೆ ಹೋಗಲೆಂದು ಎದ್ದಾಗ ತಂಬಿನ ಒಡತಿ ಅವನ ನಡಿಗೆಯನ್ನು ನೋಡಿ, ಇವರನ್ನು ಈ ಕ್ಷಣವೇ ಕೆಳಗೆ ಒಯ್ಯಿರಿ ಎಂದಳು. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆಯ ಮೇಲೆ ನಾಲ್ಕು ಹೆಜ್ಜೆ ನಡೆ ಎಂದರೆ ಅವನಿಂದ ಆಗಲಿಲ್ಲ. ಮೆದುಳಿಗೆ ತೊಂದರೆ ತಟ್ಟಿದೆಯೆಂಬುದರ ಗುರುತು ಅದು. ನಮಗೆ ಅದನ್ನು ಹೇಳಿಕೊಟ್ಟವನು ಅವನೇ.

ಇಲ್ಲಿ ಈ ದಾರಿಯ ರಚನೆಯನ್ನು ಓದುಗರು ಗಮನಿಸಬೇಕು. ಸರ್ಚು 4,290 ಮೀಟರ್ ಎತ್ತರದಲ್ಲಿರುವ ಒಂದು ಬಯಲು. ಅಲ್ಲಿಂದ ಹಿಂದಕ್ಕೆ ಬರಬೇಕಾದರೆ ಸುಮಾರು 4,890 ಮೀಟರಿನ ಬಾರಾಲಾಚಾ ಲಾವನ್ನು ಮತ್ತೆ ಏರಬೇಕು. ಮುಂದೆ ಹೋಗಬೇಕಾದರೆ ಇಪ್ಪತ್ತೊಂದು ತಿರುವುಗಳ ಗಾಟಾ ಲೂಪ್ಸ್ ಹತ್ತಿ ಅದಕ್ಕಿಂತ ಎತ್ತರದ ಲಾಚುಲುಂಗ್ ಲಾವನ್ನು ದಾಟಬೇಕು. ಪರ್ವತವ್ಯಾಧಿಗೆ ಇರುವ ಖಚಿತ ಚಿಕಿತ್ಸೆ ಕೆಳಗಿಳಿಯುವುದು. ಸರ್ಚುವಿನಿಂದ ಕೆಳಗಿಳಿಯಲು ಮೊದಲು ಮೇಲೇರಬೇಕು. ಆಚೆಯ ಪಾಂಗ್‌ನಲ್ಲಿಯೂ ಇದೇ ಪಾಡು. ಜಿಂಗ್‌ಜಿಂಗ್ ಬಾರ್‌ನಲ್ಲಿ ಅವನು ತಲೆನೋವೆಂದು ಬಾಯಿಬಿಟ್ಟಿದ್ದರೆ ತುಳಿಯದೆಯೇ, ಬರಿಯ ಇಳಿಜಾರಿನಲ್ಲಿ ಜಿಸ್ಪಾ ಸೇರಬಹುದಿತ್ತು. ಒಂದು ರಾತ್ರಿಯ ಮೌನದಿಂದ ನಡುವೆ ಒಂದು ಬೆಟ್ಟಸಾಲು ಬಂದು ನಿಂತಿತು.

ತಂಬಿನಲ್ಲಿ ನಡೆದ ಚರ್ಚೆಯನ್ನು ಬರೆಯಲು ನಾಚಿಕೆಯಾಗುತ್ತದೆ. ಮಧ್ಯಾಹ್ನದವರೆಗೆ ಮಲಗಲಿ, ಸರಿಹೋದಾನು ಎಂದವನು ನಾನೇ. ಅವನೂ ತೊದಲುತ್ತ, “ನನ್ನ ಸಲುವಾಗಿ ಯಾರೂ ನಿಲ್ಲೂದು ಬ್ಯಾಡ” ಎಂದ. ಆಮ್ಲಜನಕದ ಕೊರತೆಯಿಂದ ಬಳಲುವ ಮೆದುಳು ತನ್ನ ಸ್ಥಿತಿಯನ್ನು ತಾನೇ ತೂಗಲಾರದು. ಆ ಹೊತ್ತಿನಲ್ಲಿ ರೋಗಿಯ ಮಾತಿಗೆ ಬೆಲೆ ಕೊಡಬಾರದು. ಕೊನೆಗೆ ಆ ತಾಯಿಯೇ ಮನಾಲಿಯ ಕಡೆಗೆ ಹೊರಟಿದ್ದ ಲಾರಿಯೊಂದನ್ನು ತಡೆದು ನಿಲ್ಲಿಸಿದಳು. ತನ್ನ ಬಳಿಯಿದ್ದ ಆಮ್ಲಜನಕದ ಸಿಲಿಂಡರನ್ನೂ ಕೊಟ್ಟಳು. ಅವನೊಡನೆ ನಾನೊಬ್ಬನೇ ಹೊರಟೆ, ಉಳಿದ ಮೂವರು ಮುಂದೆ ಸಾಗಿದರು. ಡಬ್ಬಿಯಲ್ಲಿ ಔಷಧವಿತ್ತು. ಯಾವುದನ್ನು, ಎಷ್ಟು ಕೊಡಬೇಕೆಂದು ತಿಳಿದವನು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ. ಬಾರಾಲಾಚಾ ಲಾದ ಮೇಲೆ ಅವನು ನನ್ನ ಹೆಸರನ್ನು ತಪ್ಪಾಗಿ ಕರೆದ. ದಾರ್ಚಾಕ್ಕೆ ಇಳಿಯುವ ಹೊತ್ತಿಗೆ ನೀರು ಕೇಳಿದ. ಕೇಲಾಂಗ್‌ನ ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ಚೇತರಿಸಿಕೊಂಡ.

ಅವನು ತಲೆನೋವನ್ನು ಏಕೆ ಮುಚ್ಚಿಟ್ಟ? ಲಕ್ಷಣ ತಿಳಿಯದೆ ಅಲ್ಲ. ತನ್ನಿಂದ ನಾಲ್ವರ ರಜೆ, ಹಣ, ವರ್ಷದ ಆಸೆ ಹಾಳಾಗಬಾರದೆಂಬ ಸಂಕೋಚದಿಂದ. ಅಪರಿಚಿತರೊಡನೆ ಹೋಗಿದ್ದರೆ ಹೇಳಿಬಿಡುತ್ತಿದ್ದೆನೆಂದು ಆಸ್ಪತ್ರೆಯಲ್ಲಿ ನನಗೆ ಹೇಳಿದ. ಆದುದರಿಂದ ಗೆಳೆಯರ ಗುಂಪು ಹೊರಡುವ ಮೊದಲೇ, ಇನ್ನೂ ಊರಿನಲ್ಲಿರುವಾಗಲೇ, ಒಂದು ಒಪ್ಪಂದಕ್ಕೆ ಬರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಒಬ್ಬನಿಗೆ ತಲೆನೋವು ಬಂದರೆ ಆ ದಿನ ಎಲ್ಲರೂ ನಿಲ್ಲತಕ್ಕದ್ದು. ಯಾರೂ ಏಕೆಂದು ಕೇಳಬಾರದು, ಯಾರೂ ಕ್ಷಮೆ ಬೇಡಬಾರದು. ಕೆಳಗಿಳಿಸಬೇಕಾಗಿ ಬಂದರೆ ರೋಗಿಯೊಡನೆ ಇಬ್ಬರಾದರೂ ಹೋಗಬೇಕು. ನಾಲ್ವರಿಗಿಂತ ಕಡಿಮೆ ಇದ್ದರೆ ಇಡೀ ಗುಂಪೇ ತಿರುಗಬೇಕು. ಇದು ಅತಿಯಾಯಿತು, ಚೆನ್ನಾಗಿರುವವರೇಕೆ ಯಾತ್ರೆಯನ್ನು ಬಿಡಬೇಕು ಎಂದು ವಾದಿಸುವವರಿದ್ದಾರೆ. ಅವರಿಗೆ ನನ್ನ ಉತ್ತರವಿಷ್ಟೇ: ಆ ಲಾರಿಯಲ್ಲಿ ನನಗೂ ತಲೆ ಸುತ್ತುತ್ತಿತ್ತು. ನಾನು ಮಂಪರಿಗೆ ಜಾರಿದ್ದರೆ ಅವನ ಉಸಿರನ್ನು ಗಮನಿಸುವವರು ಇರಲಿಲ್ಲ.

ಹಿಂದಿರುಗುವ ಟಿಕೇಟನ್ನು ಮೊದಲೇ ಮಾಡಿಸಬಾರದೆಂಬುದು ಎರಡನೆಯ ಮಾತು. ಹತ್ತು ದಿನದ ದಾರಿಗೆ ಹದಿನಾಲ್ಕು ದಿನ ಇಟ್ಟುಕೊಳ್ಳಬೇಕು. ಅಷ್ಟು ರಜೆ ಇಲ್ಲದವರು ಈ ವರ್ಷ ಬೇರೆ ದಾರಿಯನ್ನು ಆರಿಸಿಕೊಳ್ಳಲಿ. 2020ರಲ್ಲಿ ತೆರೆದ ಅಟಲ್ ಸುರಂಗದಿಂದ ರೋಹ್ತಾಂಗಿನ ಏರು ತಪ್ಪಿತೆಂದು, ಸೈಕಲ್ಲನ್ನು ವಾಹನದ ಮೇಲೇರಿಸಿಕೊಂಡು ಹೋಗಿ ಲಾಹೌಲ್‌ನಿಂದ ತುಳಿಯಲು ಆರಂಭಿಸುವವರು ಈಗ ಹೆಚ್ಚುತ್ತಿದ್ದಾರೆ. ಉಳಿದ ಆ ದಿನವನ್ನು ಕೇಲಾಂಗ್‌ನಲ್ಲಿಯೋ ಜಿಸ್ಪಾದಲ್ಲಿಯೋ ವಿಶ್ರಾಂತಿಗೆ ಕೊಟ್ಟರೆ ಲಾಭ. ಮುಂದಿನ ಏರಿಗೆ ಬಳಸಿಕೊಂಡರೆ ನಷ್ಟ.

ನಮ್ಮ ಕಡೆಯವರು ಕರ್ಪೂರದ ಪೊಟ್ಟಣವನ್ನು ಮರೆಯದೆ ಒಯ್ಯುತ್ತಾರೆ. 3,583 ಮೀಟರ್ ಎತ್ತರದ ಕೇದಾರನಾಥಕ್ಕೆ ಹೋಗುವ ಹಿರಿಯರ ಕೈಯಲ್ಲಿಯೂ ಅದು ಇರುತ್ತದೆ. ಕರ್ಪೂರದಿಂದ ಮೂಗು ಬಿಚ್ಚಿದಂತೆನಿಸಬಹುದು, ಆದರೆ ರಕ್ತಕ್ಕೆ ಆಮ್ಲಜನಕ ಸೇರುವುದಿಲ್ಲ. ಅಂಗಡಿಗಳಲ್ಲಿ ಸಿಗುವ ಸಣ್ಣ ಆಮ್ಲಜನಕದ ಡಬ್ಬಿ ಕೆಲವು ನಿಮಿಷಗಳದು. ಅಸೆಟಜೋಲಮೈಡ್ ಎಂಬ ಮಾತ್ರೆ ಮೂತ್ರಪಿಂಡಗಳ ಕೆಲಸವನ್ನು ಚುರುಕುಗೊಳಿಸಿ ಹೊಂದಿಕೆಗೆ ನೆರವಾಗುತ್ತದೆಂಬುದು ನಿಜ. ಆದರೆ ಸಲ್ಫಾ ಔಷಧ ಒಗ್ಗದವರೂ, ಮೂತ್ರಪಿಂಡದ ತೊಂದರೆ ಇರುವವರೂ ಅದನ್ನು ವೈದ್ಯರ ಸಲಹೆಯಿಲ್ಲದೆ ನುಂಗಬಾರದು. ಹೃದ್ರೋಗ, ರಕ್ತಹೀನತೆ ಇರುವವರು ಹೊರಡುವ ಮುನ್ನ ವೈದ್ಯರನ್ನು ಕಾಣಲೇಬೇಕು. ಮದ್ಯ ಮತ್ತು ನಿದ್ದೆಯ ಮಾತ್ರೆಗಳು ರಾತ್ರಿಯ ಉಸಿರನ್ನು ಕುಗ್ಗಿಸುತ್ತವೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇರಲಿ, ಆದರೆ ಅದರ ಅಂಕಿಯನ್ನು ಪರೀಕ್ಷೆಯ ಅಂಕದಂತೆ ಹೋಲಿಸಿ ಹಿಗ್ಗುವುದು ಬೇಡ. ಅಂಕಿ ಚೆನ್ನಾಗಿದ್ದರೂ ಮನುಷ್ಯ ಅಸ್ವಸ್ಥನಾಗಿರಬಲ್ಲ.

ರಸ್ತೆಯ ಒರಟುತನದ ಬಗೆಗೆ ಎರಡು ಮಾತು. ಹಿಮ ಕರಗಿದ ನೀರು ದಾರಿಗೆ ಅಡ್ಡವಾಗಿ ಹರಿಯುವ ಕಡೆಗಳಲ್ಲಿ ಬಿಸಿಲೇರಿದಂತೆ ಹರಿವು ಹೆಚ್ಚುತ್ತದೆ, ಆದ್ದರಿಂದ ಅವುಗಳನ್ನು ಬೆಳಗ್ಗೆಯೇ ದಾಟಬೇಕು. ದಾಟಿದೊಡನೆ ಒದ್ದೆ ಕಾಲುಚೀಲ ಬದಲಿಸಬೇಕು. ಜಲ್ಲಿಯ ಇಳಿಜಾರಿನಲ್ಲಿ ಗಂಟೆಗಟ್ಟಲೆ ಬ್ರೇಕ್ ಹಿಡಿದ ಬೆರಳುಗಳು ಚಳಿಗೆ ಸೆಟೆದು, ಬೇಕಾದ ಹೊತ್ತಿನಲ್ಲಿ ಮಡಚದೆ ಹೋಗುವುದುಂಟು. ನಡುನಡುವೆ ನಿಂತು ಕೈ ಉಜ್ಜಿಕೊಳ್ಳಬೇಕು.

ಮನೆಯ ಹಿರಿಯರಲ್ಲಿ ನನ್ನದೊಂದು ವಿನಂತಿ. ಮಕ್ಕಳು ಇಂತಹ ಯಾತ್ರೆಗೆ ಹೊರಟಾಗ ಚಕ್ಕಲಿ, ಚಟ್ನಿಪುಡಿ ಕಟ್ಟಿಕೊಡುವುದರ ಜೊತೆಗೆ, ಎಷ್ಟು ದಿನ ಸುಮ್ಮನೆ ಕೂರುವಿರಿ ಎಂದು ಕೇಳಿರಿ. ಕಾಯಿಲೆ ಬಿದ್ದವನೊಡನೆ ಹಿಂದಿರುಗಿ ಬರುವ ಇಬ್ಬರು ಯಾರು ಎಂದು ಕೇಳಿರಿ. ಉತ್ತರ ತಡವರಿಸಿದರೆ ಹೊರಡುವ ದಿನವನ್ನು ಮುಂದೂಡಲು ಹೇಳಿರಿ.

ಎರಡು ವರ್ಷಗಳ ಬಳಿಕ ನಾವು ಐವರೂ ಮತ್ತೆ ಅದೇ ದಾರಿಯಲ್ಲಿ ಹೋದೆವು. ಪರ್ವತಗಳಲ್ಲಿ ಬಳಕೆಯಲ್ಲಿರುವ ಲೇಕ್ ಲೂಯಿಸ್ ಅಂಕಪಟ್ಟಿಯನ್ನು ಅವನು ಕನ್ನಡದಲ್ಲಿ ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡು ಬಂದಿದ್ದ. ತಲೆನೋವು, ಹೊಟ್ಟೆ, ದಣಿವು, ತಲೆಸುತ್ತು ಎಂಬ ನಾಲ್ಕಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ತಲೆನೋವೂ ಸೇರಿ ಒಟ್ಟು ಮೂರು ಅಥವಾ ಹೆಚ್ಚು ಬಂದರೆ ಪರ್ವತವ್ಯಾಧಿಯೆಂದು ಎಣಿಸಿ ಮೇಲೇರುವುದನ್ನು ನಿಲ್ಲಿಸಬೇಕು. ದಿನವೂ ಸಂಜೆ ಊಟಕ್ಕೆ ಮುನ್ನ ಎಲ್ಲರನ್ನೂ ಕೇಳಿ ಬರೆಯುತ್ತಿದ್ದ. ಅಂದಿನ ದಿನ ಮೊದಲು ತಲುಪಿದವನಿಗೇ ಮೊದಲ ಪ್ರಶ್ನೆ. ಪಾಂಗ್‌ನಲ್ಲಿ ನನಗೆ ನಾಲ್ಕು ಬಂತು. ಬಾಯಿಗೆ ಬಂದದ್ದು “ಏನೂ ಇಲ್ಲ” ಎಂಬ ಮಾತೇ. ಅವನು ಪೆನ್ನು ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದುದರಿಂದ ನಿಜ ಹೇಳಿದೆ. ಮರುದಿನ ಐವರೂ ನಿಂತೆವು. ನಾನು ತಂಬಿನೊಳಗೆ ಹೊದ್ದು ಮಲಗಿದ್ದೆ, ಅವನು ಹೊರಗೆ ಬಿಸಿಲಿನಲ್ಲಿ ಕುಳಿತು ನನ್ನ ಸೈಕಲ್ಲಿನ ಚೈನಿಗೆ ಎಣ್ಣೆ ಹಾಕುತ್ತಿದ್ದ.